ರತ್ನಾಕರನ ಕಡಲು

ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಕಡಲು ಬರುತ್ತದೆ, ಪರಂಗಿಯವರ ಹಡಗು ಮಾತ್ರ ಬರುವುದಿಲ್ಲ. ಕವಿ ಮೂಡುಬಿದಿರೆಯವನು. ಕಾವ್ಯದ ಕಾಲ 1557 ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕೆ ಸುಮಾರು ಅರವತ್ತು ವರ್ಷ ಮೊದಲೇ, 1498ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದ. 1555ರಲ್ಲಿ ಪೋರ್ಚುಗೀಸರ ನೌಕಾಪಡೆ ಉಳ್ಳಾಲದ ಮೇಲೆ ಬಿದ್ದಿತ್ತು. ಉಳ್ಳಾಲವನ್ನಾಳಿದವರು ಚೌಟರು, ಅವರ ಅರಮನೆ ಇರುವುದು ಕವಿಯ ಊರಿನಲ್ಲಿಯೇ. ಹೀಗಿದ್ದೂ ಹತ್ತು ಸಾವಿರದಷ್ಟು ಸಾಂಗತ್ಯ ಪದ್ಯಗಳಲ್ಲಿ ಈ ಸುದ್ದಿಯ ಸುಳಿವಿಲ್ಲ. ಯುರೋಪು ಮೆಣಸನ್ನು ಹುಡುಕಿಕೊಂಡು ಆಫ್ರಿಕವನ್ನು ಬಳಸಿ ನಮ್ಮ ಬಾಗಿಲಿಗೆ ಬಂದಾಗ ನಮ್ಮ ಕವಿ ಪುರಾಣ ಹೇಳುತ್ತ ಕುಳಿತಿದ್ದನೆ? ಈ ಆಕ್ಷೇಪವನ್ನು ನಾನು ಹಲವು ಸಲ ಕೇಳಿದ್ದೇನೆ.

ಹೊರಲೋಕದ ಪರಿಚಯ ಆ ಊರಿಗೆ ಇರಲಿಲ್ಲವೆನ್ನುವಂತಿಲ್ಲ. ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ತಳಗಲ್ಲುಗಳಲ್ಲಿ ಜಿರಾಫೆಯನ್ನೂ ಚೀನದ ಡ್ರ್ಯಾಗನ್ನನ್ನೂ ಕಾಣಬಹುದು. ಕಲ್ಲುಕುಟಿಗನ ಉಳಿಗೆ ಸಿಕ್ಕದ್ದು ಕವಿಯ ಕಂಠಕ್ಕೆ ಸಿಕ್ಕಲಿಲ್ಲ.

ದಿಗ್ವಿಜಯ ಭಾಗವನ್ನೇ ನೋಡಿ. ಭರತ ಕಡಲ ತಡಿಯಲ್ಲಿ ಬೀಡುಬಿಟ್ಟು ಬಾಣ ಕಳಿಸುತ್ತಾನೆ. ಮಾಗಧಾಮರ ಮೊದಲು ಸಿಟ್ಟಾಗಿ ಆಮೇಲೆ ಶರಣಾಗುತ್ತಾನೆ. ಜಿನಸೇನರಿಂದ ಬಂದ ಈ ಕಡಲಿಗೆ ಉಪ್ಪಿನ ವಾಸನೆಯಿಲ್ಲ. ರತ್ನಾಕರನ ಕಣ್ಣು ಚುರುಕಾಗುವುದು ಮನೆಯೊಳಗೆ: ಊಟದ ಪಂಕ್ತಿಯಲ್ಲಿ, ರಾಣಿಯರ ಸರಸದಲ್ಲಿ, ಮುನಿಸಿನಲ್ಲಿ.

ಆದರೆ ಪುರಾಣದ ಹಂಗು ನಮ್ಮವರಿಗೆ ಮಾತ್ರ ಇದ್ದುದಲ್ಲ. ಪೋರ್ಚುಗೀಸ್ ಕವಿ ಕಮೊಯೆನ್ಸ್ 1553ರಲ್ಲಿ ತಾನೇ ಹಡಗು ಹತ್ತಿ ಗೋವೆಗೆ ಬಂದವನು. 1572ರಲ್ಲಿ ಅಚ್ಚಾದ ಅವನ ‘ಲೂಸಿಯಾದ್’ ಮಹಾಕಾವ್ಯಕ್ಕೆ ವಾಸ್ಕೋ ಡ ಗಾಮನ ಯಾನವೇ ವಸ್ತು. ಅಲ್ಲಿಯೂ ಹಡಗನ್ನು ಕಾಡುವವನು ಬ್ಯಾಕಸ್ ದೇವತೆ, ಕಾಯುವವಳು ವೀನಸ್! ಅಲೆಯ ಹೊಡೆತ ತಿಂದು ಬಂದವನೇ ಹೀಗೆ ಬರೆದ ಮೇಲೆ ಬಸದಿಯ ನೆರಳಿನವನನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇಬ್ಬರಲ್ಲಿ ವ್ಯತ್ಯಾಸವಿರುವುದು ಬೇರೆಡೆ. ಕಮೊಯೆನ್ಸನಿಗೆ ಗೆಲುವೇ ಹೆಮ್ಮೆ. ರತ್ನಾಕರನಾದರೋ, ಪಂಪನಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧವಾಗಿ ನಡೆದ ಭರತ-ಬಾಹುಬಲಿಯರ ಕಾಳಗವನ್ನೇ ತೆಗೆದುಹಾಕಿದ. ಅವನ ಚಕ್ರವರ್ತಿ ತಮ್ಮನನ್ನು ಮಾತಿನಿಂದ ಕರಗಿಸುತ್ತಾನೆ. ಇದು ಪರಂಗಿಯ ತೋಪಿಗೆ ಕೊಟ್ಟ ಉತ್ತರವೆಂದರೆ ಅತಿಯಾದೀತು. ಜೈನ ಕವಿಗೆ ಅಹಿಂಸೆಯೇ ಸಾಕಾದ ಕಾರಣ. ಆದರೂ ಪಕ್ಕದ ಕರಾವಳಿ ಉರಿಯುತ್ತಿದ್ದಾಗ ಬರೆದ ಸಂಧಿಯಿದು ಎಂಬುದನ್ನು ಮರೆತು ಓದಲು ನನಗಂತೂ ಆಗುವುದಿಲ್ಲ.

ನಿಜವಾದ ನಷ್ಟ ಇನ್ನೊಂದಿದೆ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಸಾದಾ ಉಡುಪು, ಬರಿಗಾಲು, ನೀರ ಕಾಲುವೆಯ ಅಗೆತ ನೋಡಲು ಹೊರಟ ನಡಿಗೆ—ಇದಿಷ್ಟನ್ನೂ ನೇಪಲ್ಸಿನ ಗೆಳೆಯನಿಗೆ ಬರೆದ. ರಾಣಿಯ ಗಂಡ ಬಂಗರಸ. ಅವನ ಮನೆತನದ ಹೆಸರು ಬೆಳ್ತಂಗಡಿಯ ಬಂಗಾಡಿಯಲ್ಲಿ, ಬಂಟವಾಳದ ನಂದಾವರದಲ್ಲಿ ಇಂದಿಗೂ ಕೇಳಿಬರುತ್ತದೆ. ದಂಪತಿಗಳಿಗೆ ವಿರಸವಾಯಿತು. ಗಂಡ ಪೋರ್ಚುಗೀಸರ ಆಸರೆ ಹಿಡಿದ. ಹೆಂಡತಿ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ಒಂದು ಮನೆಯ ಜಗಳದೊಳಗೆ ಎರಡು ಖಂಡಗಳು ಹೊಕ್ಕ ಕಥೆ! ಅಂತಃಪುರದ ಮುನಿಸನ್ನು ರತ್ನಾಕರನಷ್ಟು ಬಲ್ಲವರು ಯಾರು? ಅವನು ಹುಟ್ಟಿದ್ದು ಎರಡು ತಲೆಮಾರು ಮೊದಲಾಯಿತು. ಆಮೇಲೆ ಬಂದವರಲ್ಲಿ ಆ ಕಣ್ಣಿರಲಿಲ್ಲ.

‘ಭೋಗವಿಜಯ’ವನ್ನು ಪಾಠ ಹೇಳುವಾಗ ಆ ಪತ್ರದ ಒಂದೆರಡು ಪುಟಗಳನ್ನೂ ನಾನು ಕನ್ನಡಿಸಿ ಓದುತ್ತೇನೆ. ಹ್ಯಾಕ್ಲೂಟ್ ಸಂಘ 1892ರಲ್ಲಿ ಹೊರತಂದ ಇಂಗ್ಲಿಷ್ ಆವೃತ್ತಿಯಲ್ಲಿ ಅದು ಸಿಗುತ್ತದೆ. ಬರಿಗಾಲಿನ ರಾಣಿ ಬರುವ ಕಡೆ ತರಗತಿ ತಾನಾಗಿ ಮೌನವಾಗುತ್ತದೆ.