ಬ್ಯಾಂಕಾಕ್: ಮೊದಲ ಮೂರು ದಿನ ನೀರಿನ ದಾರಿ

ಬ್ಯಾಂಕಾಕಿಗೆ ಮೊದಲ ಸಲ ಹೊರಟ ಗಂಡ ಹೆಂಡತಿ ಅಲ್ಲಿನ ಮೊದಲ ಮೂರು ರಾತ್ರಿ ಯಾವ ಭಾಗದಲ್ಲಿ ತಂಗಿದರೆ ಮೇಲು ಎಂಬ ಪ್ರಶ್ನೆಯನ್ನು ಈ ವಾರ ಎತ್ತಿಕೊಳ್ಳುವುದಾಗಿ ಅಂಕಣ ಮಾತು ಕೊಟ್ಟಿತ್ತು. ವಾರವಾರವೂ ಓದುವವರಿಗೆ ಉತ್ತರದ ದಿಕ್ಕು ಮೊದಲೇ ಗೊತ್ತಿರುತ್ತದೆ. ಯಾವುದೇ ನಗರವನ್ನು ಅದು ಹುಟ್ಟಿದ ಜಾಗದಿಂದ ನೋಡತೊಡಗಬೇಕು ಎಂಬುದು ಈ ಅಂಕಣದ ಹಳೆಯ ಹಟ. ಬ್ಯಾಂಕಾಕಿನ ವಿಷಯದಲ್ಲಿ ಆ ಹಟಕ್ಕೆ ಇತಿಹಾಸದ ಬಲವೂ ಇದೆ. 1767ರಲ್ಲಿ ಬರ್ಮಾದ ಸೈನ್ಯ ಅಯುತ್ಥಾಯವನ್ನು ಹಾಳುಗೆಡವಿದ ಮೇಲೆ ಸಿಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ರಾಜಧಾನಿ ಚಾವೊ ಫ್ರಯಾ ನದಿಯ ಪಶ್ಚಿಮ ದಡದ ಥೊನ್‌ಬುರಿಗೆ ಬಂತು. 1782ರಲ್ಲಿ ಚಕ್ರಿ ವಂಶದ ಮೊದಲ ದೊರೆ ಒಂದನೆಯ ರಾಮ ಅದನ್ನು ಎದುರು ದಡಕ್ಕೆ ದಾಟಿಸಿ, ನದಿಯ ಬಾಗಿನ ಒಳಬದಿಗೆ ಅರಮನೆ ಕಟ್ಟಿಸಿ, ಮರುವರ್ಷ ಪೂರ್ವಕ್ಕೆ ಕಾಲುವೆ ತೋಡಿಸಿ ನಗರವನ್ನು ಸುತ್ತಲೂ ನೀರಿರುವ ದ್ವೀಪವನ್ನಾಗಿ ಮಾಡಿದ. ರತನಕೋಸಿನ್ ಎಂದು ಕರೆಯುವ ಈ ಹಳೆಯ ನಗರದಲ್ಲಿ ಮುಂದಿನ ಎಂಬತ್ತು ವರ್ಷ ಜನ ಬಹುಮಟ್ಟಿಗೆ ಓಡಾಡಿದ್ದು ದೋಣಿಯಲ್ಲಿ. ಸಾರೋಟು ಓಡಿಸಲು, ಕುದುರೆ ಸವಾರಿ ಮಾಡಲು ದಾರಿಯಿಲ್ಲದೆ ಆರೋಗ್ಯ ಕೆಡುತ್ತಿದೆ ಎಂದು ವಿದೇಶಿಯರು ನಾಲ್ಕನೆಯ ರಾಮನಿಗೆ ಅರಿಕೆ ಮಾಡಿಕೊಂಡ ನಂತರವೇ, 1862 ಮತ್ತು 1864ರ ನಡುವೆ, ಹೊಸ ಬಗೆಯ ಮೊದಲ ರಸ್ತೆ ಚರೋನ್ ಕ್ರುಂಗ್ ಸಿದ್ಧವಾಯಿತು. ಹೀಗಾಗಿ ಈ ಊರನ್ನು ರಸ್ತೆಯ ಕಡೆಯಿಂದ ಅರಿಯಲು ಹೊರಟವರಿಗೆ ಅದರ ಮುಖಕ್ಕಿಂತ ಬೆನ್ನೇ ಹೆಚ್ಚು ಕಾಣಸಿಗುತ್ತದೆ.

ಇದಕ್ಕೆ ನೇರ ವಿರುದ್ಧವಾದ ಪದ್ಧತಿಯೊಂದು ಭಾರತದ ಪ್ಯಾಕೇಜ್ ಪ್ರವಾಸಗಳಲ್ಲಿ ಬೇರೂರಿದೆ. ವಿಮಾನ ಇಳಿದವರನ್ನು ಅದೇ ಬೆಳಿಗ್ಗೆ ಬಸ್ಸು ಹತ್ತಿಸಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಪಟ್ಟಾಯದ ಕಡಲತೀರಕ್ಕೆ ಸಾಗಿಸಿ, ಎರಡು ರಾತ್ರಿ ಅಲ್ಲಿ ಕಳೆದ ಮೇಲೆ ಬ್ಯಾಂಕಾಕಿಗೆ ಕರೆತಂದು, ಅರ್ಧ ದಿನದಲ್ಲಿ ಎರಡು ವಿಹಾರ, ಒಂದು ಹರಳಿನ ಅಂಗಡಿ ತೋರಿಸಿ, ಉಳಿದ ಹೊತ್ತನ್ನು ಮಾಲ್‌ಗಳಿಗೆ ಬಿಟ್ಟುಬಿಡುವುದು ಆ ಪದ್ಧತಿಯ ಕ್ರಮ. ಭಾಷೆಯ ತೊಡಕಿಲ್ಲ, ರಾತ್ರಿಯ ಊಟಕ್ಕೆ ಪನೀರ್ ಮತ್ತು ದಾಲ್ ಖಾತ್ರಿ, ವಯಸ್ಸಾದವರಿಗೆ ನಡೆಯುವ ಶ್ರಮವಿಲ್ಲ ಎಂದು ಅದರ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿದೆ ಎಂಬುದನ್ನು ಒಪ್ಪಬೇಕು. ಆದರೆ ಹೊಸದಾಗಿ ಮದುವೆಯಾದವರೂ, ಮಕ್ಕಳು ದೊಡ್ಡವರಾದ ಮೇಲೆ ಮೊದಲ ಬಾರಿಗೆ ಇಬ್ಬರೇ ಹೊರಟವರೂ ಆ ಬಸ್ಸಿನಲ್ಲಿ ಕಳೆದುಕೊಳ್ಳುವುದು ಬಹಳ ದೊಡ್ಡದು. ದಾರಿ ಹುಡುಕುವುದು, ತಪ್ಪಿದ್ದನ್ನು ಸರಿಪಡಿಸಿಕೊಳ್ಳುವುದು, ಹಸಿವಾದಾಗ ಎಲ್ಲಿ ಕೂರಬೇಕೆಂದು ಇಬ್ಬರೂ ಸೇರಿ ತೀರ್ಮಾನಿಸುವುದು, ಇವೇ ಜೋಡಿ ಪ್ರವಾಸದ ಜೀವಾಳ. ಅವನ್ನೆಲ್ಲ ಮಾರ್ಗದರ್ಶಿಯ ಕೈಗೆ ಒಪ್ಪಿಸಿದ ಮೇಲೆ ಉಳಿಯುವುದು ಫೋಟೋ ತೆಗೆಯುವ ಕೆಲಸ ಮಾತ್ರ.

ಮೊದಲ ಬೆಳಗಿನ ಕಷ್ಟ ಮಾತ್ರ ಎರಡೂ ಪದ್ಧತಿಯವರಿಗೆ ಒಂದೇ. ಬೆಂಗಳೂರಿನಿಂದ ವಿಮಾನ ಸುಮಾರು ನಾಲ್ಕು ಗಂಟೆಯಲ್ಲಿ ತಲುಪುತ್ತದೆ, ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಮುಂದಿರುತ್ತದೆ. ನಡುರಾತ್ರಿ ಹೊರಟವರು ನಿದ್ದೆಯಿಲ್ಲದೆ ಬೆಳಕು ಹರಿಯುವ ಹೊತ್ತಿಗೆ ಸುವರ್ಣಭೂಮಿ ನಿಲ್ದಾಣದಲ್ಲಿ ಇಳಿದಿರುತ್ತಾರೆ, ಹೋಟೆಲಿನ ಕೋಣೆಯೋ ಮಧ್ಯಾಹ್ನಕ್ಕೆ ಮೊದಲು ಸಿಗುವುದಿಲ್ಲ. ದಂಪತಿಗಳ ಮೊದಲ ಜಗಳ ಈ ಅವಧಿಯಲ್ಲೇ ಹುಟ್ಟುತ್ತದೆ. ಒಬ್ಬರಿಗೆ ಅರಮನೆ ನೋಡುವ ಆತುರ, ಇನ್ನೊಬ್ಬರಿಗೆ ಕಾಲು ಚಾಚಿದರೆ ಸಾಕೆಂಬ ದಣಿವು. 2010ರಲ್ಲಿ ಆರಂಭವಾದ ನಿಲ್ದಾಣದ ರೈಲಿನಲ್ಲಿ ಫಯಾ ಥಾಯ್‌ವರೆಗೆ ಬಂದು, 1999ರಿಂದ ಓಡುತ್ತಿರುವ ಮೇಲ್ಸೇತುವೆ ರೈಲು ಹತ್ತಿ, ಸಿಯಾಮ್ ನಿಲ್ದಾಣದಲ್ಲಿ ಬದಲಾಯಿಸಿ ಸಫಾನ್ ತಾಕ್‌ಸಿನ್‌ನಲ್ಲಿ ಇಳಿದರೆ, ಮೆಟ್ಟಿಲ ಬುಡದಲ್ಲೇ ಸಾಥೋರ್ನ್ ದೋಣಿಕಟ್ಟೆ ಇದೆ. ಚೀಲಗಳನ್ನು ಹೋಟೆಲಿಗೆ ಒಪ್ಪಿಸಿ ಅಲ್ಲಿಂದ ಕಿತ್ತಳೆ ಬಾವುಟದ ದೋಣಿ ಹತ್ತುವುದಕ್ಕಿಂತ ಮೇಲಾದ ಮೊದಲ ಬೆಳಗು ಆ ಊರಿನಲ್ಲಿ ಇನ್ನೊಂದಿಲ್ಲ, ಏಕೆಂದರೆ ನೋಡುವ ಆಸೆಯೂ ಕೂರುವ ಆಸೆಯೂ ಅಲ್ಲಿ ಒಟ್ಟಿಗೆ ತೀರುತ್ತವೆ.

ಕಿತ್ತಳೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನದಿಯಲ್ಲಿ ಪ್ರವಾಸಿಗರಿಗೆಂದೇ ಇಂಗ್ಲಿಷ್ ವಿವರಣೆಯೊಂದಿಗೆ ಓಡುವ ನೀಲಿ ಬಾವುಟದ ದೋಣಿಯೂ ಇದೆ, ಅದರ ದರ ಹೆಚ್ಚು. ಕಿತ್ತಳೆ ಬಾವುಟದ್ದು ಊರ ಜನರ ದೋಣಿ. ಶಾಲೆಯ ಮಕ್ಕಳು, ಕಚೇರಿಯ ನೌಕರರು, ಕಾವಿ ತೊಟ್ಟ ಭಿಕ್ಷುಗಳು ಅದರಲ್ಲಿ ಓಡಾಡುತ್ತಾರೆ. ಟಿಕೆಟ್ ಕೊಡುವಾಕೆಯ ಕೈಯಲ್ಲಿ ಉದ್ದನೆಯ ಲೋಹದ ಕೊಳವೆಯೊಂದಿರುತ್ತದೆ; ಚಿಲ್ಲರೆಯೂ ಟಿಕೆಟಿನ ಸುರುಳಿಯೂ ಅದರೊಳಗೇ ಇರುತ್ತವೆ, ಅದರ ಮುಚ್ಚಳವನ್ನು ಟಕಟಕ ಬಡಿಯುತ್ತಾ ಆಕೆ ಜನರ ನಡುವೆ ನುಸುಳಿ ಬರುತ್ತಾಳೆ. ದೋಣಿ ಕಟ್ಟೆಗೆ ಹತ್ತಿರವಾದಾಗ ಹಿಂಬದಿಯಲ್ಲಿ ನಿಂತ ಆಳು ಸೀಟಿ ಊದತೊಡಗುತ್ತಾನೆ. ಮುಂದೆ ಕುಳಿತ ಚಾಲಕನಿಗೆ ಹಿಂಬದಿ ಕಾಣದ ಕಾರಣ, ಇನ್ನೆಷ್ಟು ಹಿಂದೆ ಸರಿಯಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಆ ಸೀಟಿಯ ಗಿಡ್ಡ ಉದ್ದ ಸ್ವರಗಳಲ್ಲೇ ತಿಳಿಯಬೇಕು. ಹಗ್ಗವನ್ನು ಕಂಬಕ್ಕೆ ಎಸೆದು ಬಿಗಿದು ಬಿಚ್ಚುವಷ್ಟರಲ್ಲಿ ಹತ್ತುವವರು ಹತ್ತಿ ಇಳಿಯುವವರು ಇಳಿದಿರಬೇಕು, ತಡವರಿಸಿದರೆ ದೋಣಿ ಕಾಯುವುದಿಲ್ಲ. ಭಿಕ್ಷುಗಳಿಗೆ ಮೀಸಲಾದ ಜಾಗವೂ ದೋಣಿಯಲ್ಲಿ ಇರುತ್ತದೆ. ಹೆಂಗಸರು ಅವರನ್ನು ಮುಟ್ಟಬಾರದೆಂಬುದು ಥೇರವಾದದ, ಎಂದರೆ ಅಲ್ಲಿ ರೂಢಿಯಲ್ಲಿರುವ ಬೌದ್ಧ ಪಂಥದ, ಕಟ್ಟುನಿಟ್ಟಾದ ನಿಯಮವಾದುದರಿಂದ, ನೂಕುನುಗ್ಗಲಿನಲ್ಲಿ ಗಂಡ ನಡುವೆ ನಿಂತು ಹೆಂಡತಿ ಆಚೆ ನಿಲ್ಲುವುದು ಅಲ್ಲಿಯ ಮರ್ಯಾದೆ.

ಅರಮನೆಯನ್ನೂ, ಅದರ ಪಕ್ಕದ ವಾಟ್ ಫೋ ವಿಹಾರದಲ್ಲಿರುವ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನೂ ಎಲ್ಲ ಕೈಪಿಡಿಗಳೂ ವಿವರಿಸುವುದರಿಂದ ಇಲ್ಲಿ ಬಿಡಬಹುದು. ಬಾಗಿಲ ಬಳಿ ‘ಇವತ್ತು ಮುಚ್ಚಿದೆ’ ಎಂದು ಹೇಳಿ ಬೇರೆಡೆಗೆ ಕರೆದೊಯ್ಯಲು ಬರುವ ಅಪರಿಚಿತರ ಮಾತು ಕೇಳಬಾರದು ಎಂಬಷ್ಟು ಎಚ್ಚರಿಕೆ ಸಾಕು. ಕೈಪಿಡಿಗಳು ಎರಡು ಸಾಲಿನಲ್ಲಿ ಮುಗಿಸುವ ಪಾಕ್ ಕ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಗೆ ಮಾತ್ರ ಎರಡನೆಯ ದಿನದ ಇಡೀ ಸಂಜೆಯನ್ನು ಕೊಡಬೇಕು. ಹಗಲೂ ರಾತ್ರಿಯೂ ತೆರೆದಿರುವ ಈ ಪೇಟೆಯಲ್ಲಿ ಹೊತ್ತೇರಿದಷ್ಟೂ ಹೂವಿನ ಗಾಡಿಗಳು ಹೆಚ್ಚುತ್ತವೆ. ಅಲ್ಲಿನ ಹೆಂಗಸರು ಮೊಳ ಉದ್ದದ ಸೂಜಿಗೆ ಮಲ್ಲಿಗೆಯ ಬಿರಿಯದ ಮೊಗ್ಗುಗಳನ್ನು ಸುತ್ತಲೂ ಸಮನಾಗಿ ಚುಚ್ಚಿ, ಒತ್ತಾಗಿ ಸರಿಸಿ, ಆಮೇಲೆ ದಾರಕ್ಕೆ ಇಳಿಸುತ್ತಾರೆ. ಹೀಗೆ ಸಿದ್ಧವಾಗುವ ಫುವಾಂಗ್ ಮಾಲೈ, ಎಂದರೆ ಥಾಯ್ ಹೂಮಾಲೆ, ಕಟ್ಟಿದ ಹೂವಿನಂತಲ್ಲದೆ ಕಡೆದ ದಂತದಂತೆ ನುಣುಪಾಗಿರುತ್ತದೆ. ಕರ್ನಾಟಕದವರಿಗೆ ಇನ್ನೂ ಬೆರಗಾಗುವ ಸಂಗತಿಯೆಂದರೆ ಬುಟ್ಟಿಬುಟ್ಟಿ ಬಿಳಿ ಎಕ್ಕದ ಹೂವು. ಇಲ್ಲಿ ಗಣಪತಿಗೂ ಹನುಮಂತನಿಗೂ ಸಲ್ಲುವ ಆ ಹೂವನ್ನು ಅಲ್ಲಿ ಪ್ರೀತಿಯ ಗುರುತೆಂದು ಮದುವೆಯ ಮಾಲೆಗೆ ಪೋಣಿಸುತ್ತಾರೆ.

ಸಸ್ಯಾಹಾರಿಗಳ ಭಯವೂ ಈ ಭಾಗದಲ್ಲೇ ಕಳೆಯುತ್ತದೆ. ಥಾಯ್ ಅಡುಗೆಯಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ಸಾರವಾದ ನಾಮ್ ಪ್ಲಾ ಬೀಳುತ್ತದೆ ಎಂಬುದು ನಿಜ, ಆದ್ದರಿಂದ ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಹಳದಿ ಬಟ್ಟೆಯ ಮೇಲೆ ಕೆಂಪಿನಲ್ಲಿ ‘ಜೇ’ ಎಂದು ಥಾಯ್ ಲಿಪಿಯಲ್ಲಿ ಬರೆದ ಬಾವುಟ ತೂಗುವ ಅಂಗಡಿಗಳನ್ನು ಹುಡುಕಬೇಕು. ಚೀನೀ ಮೂಲದವರ ಬೌದ್ಧ ವ್ರತದ ಆಹಾರವಾದ ಜೇ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲ. ಯಾವರಾತ್ ಎಂಬ ಚೀನೀ ಪೇಟೆಯಲ್ಲಿ ಇಂತಹ ಅಂಗಡಿಗಳು ಸಿಗುತ್ತವೆ, ಪಕ್ಕದ ಫಾಹುರಾತ್ ಬಟ್ಟೆ ಪೇಟೆಯ ಗುರುದ್ವಾರದ ಆಸುಪಾಸಿನಲ್ಲಿ ಉತ್ತರ ಭಾರತದ ಊಟವೂ ಸಿಗುತ್ತದೆ.

ಒಂದೇ ಕಡೆ ಕೂರುವುದರಿಂದ ಸಮಯ ಹಾಳಾಗುತ್ತದೆ ಎಂದು ವಾದಿಸುವವರಿಗೆ ಸಾಮರ್‌ಸೆಟ್ ಮಾಮ್‌ನ ‘ದಿ ಜೆಂಟಲ್‌ಮನ್ ಇನ್ ದಿ ಪಾರ್ಲರ್’ ಪುಸ್ತಕವನ್ನು ತೋರಿಸುವುದು ಅಂಕಣದ ರೂಢಿ. 1930ರಲ್ಲಿ ಪ್ರಕಟವಾದ ಈ ಕೃತಿ ರಂಗೂನಿನಿಂದ ಹೈಫಾಂಗ್‌ವರೆಗಿನ ಪಯಣದ ಕಥನ. ಬ್ಯಾಂಕಾಕ್ ತಲುಪಿದ ಮಾಮ್ ಮಲೇರಿಯಾದಿಂದ ನದಿದಡದ ಓರಿಯೆಂಟಲ್ ಹೋಟೆಲಿನಲ್ಲಿ ಹಾಸಿಗೆ ಹಿಡಿದ. ಏನನ್ನೂ ಮಾಡಲಾಗದ ಆ ಚೇತರಿಕೆಯ ದಿನಗಳ ಫಲವಾಗಿ, ಸಿಯಾಮಿನ ರಾಜಕುಮಾರಿ ಸೆಪ್ಟೆಂಬರ್ ಮತ್ತು ಆಕೆಯ ಹಾಡುವ ಹಕ್ಕಿಯ ಕಥೆ ಆ ಪುಸ್ತಕಕ್ಕೆ ಸೇರಿತು. ಓಡಾಡಿ ಬರೆದ ಪುಟಗಳಿಗಿಂತ ಆ ಕಥೆಯನ್ನು ಮೆಚ್ಚುವ ಓದುಗರು ಇದ್ದಾರೆ, ಈ ಅಂಕಣದ ಪಕ್ಷವೂ ಅದೇ.

ತಂಗುವ ಪ್ರಶ್ನೆಯನ್ನು ಇನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರವಿರುವ ಯಾವ ಶುಚಿಯಾದ ಕೋಣೆಯಾದರೂ ಸರಿ. ಅದಕ್ಕಿಂತ ಹೆಚ್ಚು ಜಾಗ ಬೇಡುವ ವಿಷಯ ಮೂರನೆಯ ದಿನದ್ದು. ಕಾಂಬೋಡಿಯದ ಕಡೆಗೆ ಸೈನ್ಯ ಸಾಗಿಸಲೆಂದು ಮೂರನೆಯ ರಾಮ 1837ರಲ್ಲಿ ತೋಡಿಸತೊಡಗಿದ ಸೇನ್ ಸೇಪ್ ಕಾಲುವೆಯಲ್ಲಿ 1990ರಿಂದ ಪ್ರಯಾಣಿಕರ ದೋಣಿಗಳು ಓಡುತ್ತಿವೆ. ತಗ್ಗಾದ ಸೇತುವೆಗಳ ಅಡಿಯಲ್ಲಿ ದೋಣಿಯ ಚಾವಣಿಯನ್ನೇ ಇಳಿಸುತ್ತಾರೆ, ಎದುರು ದೋಣಿ ಬಂದಾಗ ಕೊಳಕು ನೀರು ಸಿಡಿಯದಂತೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ, ಹೆಲ್ಮೆಟ್ ಧರಿಸಿದ ಟಿಕೆಟ್ಟಿನವರು ದೋಣಿಯ ಹೊರ ಅಂಚಿನ ಮೇಲೆಯೇ ನಡೆದು ಹಣ ಪಡೆಯುತ್ತಾರೆ. ಪಶ್ಚಿಮದ ಕೊನೆಯ ಕಟ್ಟೆಯಾದ ಫಾನ್ ಫಾದಲ್ಲಿ ಇಳಿದು, 37 ಲೋಹದ ಶಿಖರಗಳ ಲೋಹ ಪ್ರಾಸಾದವನ್ನು ನೋಡಿ, ಸ್ವಲ್ಪ ದೂರ ನಡೆದರೆ ಎರಡು ಎತ್ತರದ ಕೆಂಪು ಕಂಬಗಳು ಎದುರಾಗುತ್ತವೆ. ಅದು ಸಾವೊ ಚಿಂಗ್ ಚಾ, ದೊಡ್ಡ ಉಯ್ಯಾಲೆಯ ಕಂಬ.

1784ರಲ್ಲಿ ಒಂದನೆಯ ರಾಮ ಇದನ್ನು ದೇವಸ್ಥಾನ್ ಎಂಬ ಬ್ರಾಹ್ಮಣ ಗುಡಿಯ ಮುಂದೆ ನಿಲ್ಲಿಸಿದ. ಶಿವ ಭೂಮಿಗೆ ಇಳಿದಾಗ ನೆಲ ಅಲುಗದಂತೆ ನಾಗಗಳು ಪರ್ವತಗಳನ್ನು ಸುತ್ತಿ ಹಿಡಿದವು ಎಂಬ ನಂಬಿಕೆಯ ಪ್ರಕಾರ, ನಾಗರ ವೇಷದ ಗಂಡಸರು ಉಯ್ಯಾಲೆಯನ್ನು ಜೀಕಿ, ಬಿದಿರ ಗಳುವಿನ ತುದಿಗೆ ಕಟ್ಟಿದ ನಾಣ್ಯದ ಚೀಲವನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದರು. ಬಿದ್ದು ಸತ್ತವರಿದ್ದ ಕಾರಣ ಆ ಆಟ 1935ರಲ್ಲಿ ನಿಂತಿತು, ಪೂಜೆ ಮಾತ್ರ ನಿಲ್ಲಲಿಲ್ಲ. ಶಿವ, ಗಣೇಶ, ನಾರಾಯಣರ ಮೂರು ಗರ್ಭಗುಡಿಗಳಿರುವ ದೇವಸ್ಥಾನ್‌ನಲ್ಲಿ ಆಸ್ಥಾನದ ಬ್ರಾಹ್ಮಣರು ಇಂದಿಗೂ ವರ್ಷಕ್ಕೊಮ್ಮೆ ತ್ರಿಯಂಪವೈ ಆಚರಣೆಯನ್ನು ನಡೆಸಿ, ಕೈಲಾಸದ ಬಾಗಿಲು ತೆರೆಯುವ ಸ್ತೋತ್ರವನ್ನು ಹೇಳುತ್ತಾರೆ. ಶತಮಾನಗಳಿಂದ ಬಾಯಿಂದ ಬಾಯಿಗೆ ಬಂದು ಅರ್ಥ ಮಸುಕಾದ ಆ ಸಾಲುಗಳು ತಮಿಳಿನ ಶಿವಭಕ್ತ ಮಾಣಿಕ್ಕವಾಚಕರ ತಿರುವೆಂಬಾವೈಯವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ಬೆನ್ನಿಗೇ ವಿಷ್ಣುವಿಗೆ ನಡೆಯುವ ಭಾಗಕ್ಕೆ ತ್ರಿಪವೈ ಎಂಬ ಹೆಸರಿದ್ದು, ಅದು ಆಂಡಾಳ್ ರಚಿಸಿದ ತಿರುಪ್ಪಾವೈಯನ್ನು, ಎಂದರೆ ಮೇಲುಕೋಟೆಯಲ್ಲಿ ಧನುರ್ಮಾಸದ ನಸುಕಿನಲ್ಲಿ ಕೇಳಿಬರುವ ಪಾಶುರಗಳನ್ನೇ, ನೆನಪಿಸುತ್ತದೆ. ದಕ್ಷಿಣ ಭಾರತದ ಮಾಗಿಯ ಭಕ್ತಿ ಸಮುದ್ರ ದಾಟಿ ಒಂದು ಬೌದ್ಧ ರಾಜ್ಯದ ಆಸ್ಥಾನದಲ್ಲಿ ಇಷ್ಟು ಕಾಲ ಬಾಳಿರುವುದನ್ನು, ಪ್ಯಾಕೇಜಿನ ಬಸ್ಸು ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತದೆ ಎಂಬುದೇ ಆ ಪದ್ಧತಿಯ ಮೇಲೆ ಅಂಕಣಕ್ಕಿರುವ ದೊಡ್ಡ ಆಕ್ಷೇಪ.

ಈಗ ಅಲ್ಲಿ ನಿಂತಿರುವುದು ಉತ್ತರದ ಫ್ರೇ ಪ್ರಾಂತ್ಯದಿಂದ ತಂದ ತೇಗದಲ್ಲಿ ಮಾಡಿ 2007ರಲ್ಲಿ ಪ್ರತಿಷ್ಠಾಪಿಸಿದ ಕಂಬ. ಹಳೆಯ ಉಯ್ಯಾಲೆಯ ಮರವನ್ನು ಸನಾಮ್ ಲುವಾಂಗ್ ಬಯಲಿನ ಬದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ. ನಡೆಯುವ ಶಕ್ತಿ ಉಳಿದವರು ಅದನ್ನೂ ನೋಡಿಕೊಂಡು, ಅಲ್ಲಿಂದ ನದಿಯ ಕಡೆಗೆ ಇಳಿದು, ಕತ್ತಲಾಗುವ ಮೊದಲು ಕಿತ್ತಳೆ ಬಾವುಟದ ದೋಣಿ ಹಿಡಿಯಬಹುದು.