ಪಠ್ಯಪುಸ್ತಕದಲ್ಲಿ ರೇಡಿಯೊ ಕೆಡುವುದೇ ಇಲ್ಲ

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅದರ ಕಾಕ್‌ಪಿಟ್‌ನಲ್ಲಿ 12 ವೋಲ್ಟಿನ ಒಂದು ಬ್ಯಾಟರಿ, ಅಂಗೈ ಅಗಲದ ಒಂದು ರೇಡಿಯೊ, ಬಾಗುವ ಕೊಳವೆಯ ತುದಿಯಲ್ಲಿ ಒಂದು ಮೈಕ್, ನಿಯಂತ್ರಣ ದಂಡದ ಮೇಲೆ ಒಂದು ಗುಂಡಿ ಇರುತ್ತವೆ. ಆಂಟೆನಾ ಸಾಮಾನ್ಯವಾಗಿ ಬಾಲದಲ್ಲಿರುತ್ತದೆ. ನೆಲದ ಮೇಲಿನವರ ಮಾತು ಪೈಲಟ್‌ಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಗುಂಡಿ ಒತ್ತಿ ಉತ್ತರ ಕೊಟ್ಟರೆ ಮಾತ್ರ ನೆಲದವರಿಗೆ ಏನೂ ತಿಳಿಯುತ್ತಿಲ್ಲ. ದೋಷ ಎಲ್ಲಿದೆ?

ಭೌತವಿಜ್ಞಾನದಲ್ಲಿ ಉತ್ತಮ ಅಂಕ ಪಡೆದ ಪಿಯು ವಿದ್ಯಾರ್ಥಿಗೆ ಈ ಪ್ರಶ್ನೆ ಹಾಕಿ ನೋಡಿ. ಪಾರ ಮಾಡ್ಯುಲೇಷನ್ ಎಂದರೇನು ಎಂದು ಕೇಳಿದ್ದರೆ ಚಿತ್ರಸಹಿತ ಉತ್ತರ ಬರುತ್ತಿತ್ತು. ಈ ಪ್ರಶ್ನೆಗೆ ಮೌನವೇ ಉತ್ತರವಾದರೆ ತಪ್ಪು ವಿದ್ಯಾರ್ಥಿಯದಲ್ಲ. ನಾವು ಅವರ ಕೈಗೆ ಕೊಟ್ಟ ಅಧ್ಯಾಯದಲ್ಲಿ ರೇಡಿಯೊ ಎಂದೂ ಕೆಡುತ್ತಿರಲಿಲ್ಲ. ಆ ಅಧ್ಯಾಯದ ವಿಮರ್ಶೆಯೇ ಈ ಲೇಖನದ ಉದ್ದೇಶ.

ಅಧ್ಯಾಯದಲ್ಲಿ ಏನಿತ್ತು?

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನುಸರಿಸಿ ಎನ್‌ಸಿಇಆರ್‌ಟಿ ರೂಪಿಸಿದ 12ನೆಯ ತರಗತಿಯ ಭೌತವಿಜ್ಞಾನ ಪುಸ್ತಕದ ಕೊನೆಯ ಅಧ್ಯಾಯ ಸಂವಹನ ವ್ಯವಸ್ಥೆಗಳನ್ನು ಕುರಿತದ್ದು. ನಮ್ಮ ದ್ವಿತೀಯ ಪಿಯು ವಿದ್ಯಾರ್ಥಿಗಳೂ ಇದನ್ನೇ ಓದಿದರು. ಪ್ರೇಷಕ, ಮಾಧ್ಯಮ, ಗ್ರಾಹಕ ಎಂಬ ಮೂರು ಪೆಟ್ಟಿಗೆಗಳಿಂದ ಆರಂಭವಾಗಿ ಪಟ್ಟಿ ಅಗಲ, ನೆಲದ ಅಲೆ, ಆಗಸದ ಅಲೆ, ದೃಷ್ಟಿರೇಖೆಯ ದೂರ, ಪಾರ ಮಾಡ್ಯುಲೇಷನ್‌ಗಳನ್ನು ಕ್ರಮವಾಗಿ ವಿವರಿಸುತ್ತಿದ್ದ ಅಚ್ಚುಕಟ್ಟಾದ ಬರಹ ಅದು. ಮಾತನ್ನು ಕಳಿಸಲು 300ರಿಂದ 3100 ಹರ್ಟ್ಸ್‌ವರೆಗಿನ ಆವೃತ್ತಿಗಳು ಸಾಕು, ಸಂಗೀತಕ್ಕೆ 20 ಕಿಲೋಹರ್ಟ್ಸ್ ಬೇಕು ಎಂಬಂಥ ಉಪಯುಕ್ತ ಸಂಗತಿಗಳು ಅಲ್ಲಿದ್ದವು. ಈ ಗುಣಗಳನ್ನು ಒಪ್ಪಲೇಬೇಕು.

2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಇಡೀ ಅಧ್ಯಾಯವನ್ನೇ ಕೈಬಿಟ್ಟಿತು. ಅರೆವಾಹಕಗಳ ಅಧ್ಯಾಯವೂ ಈಗ ಡಯೋಡಿನ ದಿಷ್ಟೀಕರಣದಲ್ಲೇ ಮುಗಿಯುತ್ತದೆ. ಪ್ರತಿ ಮನೆಯಲ್ಲೂ ಎರಡು ಮೂರು ರೇಡಿಯೊ ಪ್ರೇಷಕಗಳು ಮೊಬೈಲ್ ರೂಪದಲ್ಲಿ ಇರುವ ಕಾಲದಲ್ಲಿ ಇದು ವಿಚಿತ್ರ ನಿರ್ಧಾರ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದ ಮೈಸೂರಿನಲ್ಲಿ ಕುಳಿತು ನೋಡಿದಾಗ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಆದರೆ ಹಳೆಯ ಅಧ್ಯಾಯವನ್ನು ಹಾಗೆಯೇ ಮರಳಿ ಸೇರಿಸಿದರೆ ಸಾಕೇ? ಸಾಲದು ಎಂಬುದು ನನ್ನ ವಾದ. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ಚೌಕಟ್ಟು ಹೇಳಿತ್ತು. ಆ ಅಳತೆಗೋಲಿನಿಂದಲೇ ಅಧ್ಯಾಯವನ್ನು ಅಳೆಯೋಣ.

ಗ್ಲೈಡರ್ ಏಕೆ?

ನಮ್ಮ ದೇಶಕ್ಕೆ ಗ್ಲೈಡರ್ ಹೊಸದಲ್ಲ. ನಾಗರಿಕ ವಿಮಾನಯಾನ ಇಲಾಖೆ ರೂಪಿಸಿದ, ಇಬ್ಬರು ಅಕ್ಕಪಕ್ಕ ಕೂರುವ ತರಬೇತಿ ಗ್ಲೈಡರ್ ‘ರೋಹಿಣಿ’ 1961ರಲ್ಲಿ ಮೊದಲ ಬಾರಿ ಹಾರಿತು. ಎನ್‌ಸಿಸಿ ವಾಯು ವಿಭಾಗದ ಹಿಂದಿನ ತಲೆಮಾರಿನ ಕೆಡೆಟ್‌ಗಳು ಗ್ಲೈಡರಿನಲ್ಲಿ ಹಾರಿದವರು. ಪರೀಕ್ಷೆಗೆ ನಾನು ಗ್ಲೈಡರನ್ನೇ ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿದೆ. ಅದರಲ್ಲಿ ಎಂಜಿನ್ ಇಲ್ಲ, ಆದ್ದರಿಂದ ಎಂಜಿನ್ನಿನ ಸದ್ದೂ ಇಲ್ಲ, ಬ್ಯಾಟರಿ ತುಂಬುವ ಜನಿತ್ರವೂ ಇಲ್ಲ. ಬ್ಯಾಟರಿ, ತಂತಿ, ಗುಂಡಿ, ಮೈಕ್, ರೇಡಿಯೊ, ಆಂಟೆನಾ ಇಷ್ಟೇ. ಪಠ್ಯದ ಮೂರು ಪೆಟ್ಟಿಗೆಗಳ ಚಿತ್ರಕ್ಕೆ ಇದಕ್ಕಿಂತ ಹತ್ತಿರದ ನಿಜವಾದ ವ್ಯವಸ್ಥೆ ಸಿಗುವುದು ಕಷ್ಟ. ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅದೂ ಅಧ್ಯಾಯದಲ್ಲಿ ವಿವರಿಸಿರುವ ಪಾರ ಮಾಡ್ಯುಲೇಷನ್ ವಿಧಾನದಲ್ಲೇ.

ಕೇಳಿಸುತ್ತದೆ, ಹೇಳಲಾಗದು

ಮೊದಲ ಪ್ರಶ್ನೆಗೆ ಬರೋಣ. ಹತ್ತಿರದ ಇನ್ನೊಂದು ರೇಡಿಯೊವನ್ನು ಅದೇ ಆವೃತ್ತಿಗೆ ಹೊಂದಿಸಿಟ್ಟು ಗುಂಡಿ ಒತ್ತಬೇಕು. ಅದರ ಸರಸರ ಸದ್ದು ನಿಂತು ನಿಶ್ಶಬ್ದವಾದರೆ ವಾಹಕ ಅಲೆ ಹೊರಡುತ್ತಿದೆ, ಮಾತು ಮಾತ್ರ ಅದರ ಮೇಲೆ ಏರುತ್ತಿಲ್ಲ. ದೋಷ ಮೈಕಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಸರಸರ ಸದ್ದು ಹಾಗೆಯೇ ಉಳಿದರೆ ವಾಹಕವೇ ಇಲ್ಲ. ಆಗ ಗುಂಡಿ, ಬ್ಯಾಟರಿ, ಆಂಟೆನಾಗಳನ್ನು ಶಂಕಿಸಬೇಕು. ಹೀಗೆ ಒಂದೇ ಪರೀಕ್ಷೆ ಶಂಕಿತರ ಪಟ್ಟಿಯನ್ನು ಎರಡು ಭಾಗ ಮಾಡುತ್ತದೆ. ಮಾಡ್ಯುಲೇಷನ್‌ನ ಅರ್ಥ ನಿಜವಾಗಿ ತಿಳಿದವರಿಗೆ ಇದು ತಾನಾಗಿ ಹೊಳೆಯಬೇಕು.

ವಾಹಕವೇ ಇಲ್ಲದಿದ್ದಾಗ ಸಾಮಾನ್ಯ ಕಾರಣ ಬಹಳ ಸರಳ. ಇಂಥ ರೇಡಿಯೊ ಕೇಳುವಾಗ ಸುಮಾರು 0.2 ಆಂಪಿಯರ್, ಪ್ರೇಷಿಸುವಾಗ ಸುಮಾರು 2 ಆಂಪಿಯರ್ ಪ್ರವಾಹ ಎಳೆಯುತ್ತದೆ ಎನ್ನೋಣ. ಬ್ಯಾಟರಿಯ ಜೋಡಣೆಯಲ್ಲಿ ಕಿಲುಬು ಹಿಡಿದು 1 ಓಮ್ ರೋಧ ಸೇರಿಕೊಂಡಿದೆ. ಕೇಳುವಾಗ ನಷ್ಟ 0.2 ವೋಲ್ಟ್, ಯಾರ ಗಮನಕ್ಕೂ ಬಾರದು. ಗುಂಡಿ ಒತ್ತಿದೊಡನೆ 2 ವೋಲ್ಟ್ ಕುಸಿದು, 12.5 ವೋಲ್ಟ್ ಇದ್ದದ್ದು 10.5ಕ್ಕೆ ಇಳಿಯುತ್ತದೆ. ಪ್ರೇಷಕ ಸೊರಗುತ್ತದೆ ಅಥವಾ ರೇಡಿಯೊ ಆರಿಹೋಗುತ್ತದೆ. ಗುಂಡಿ ಬಿಟ್ಟು ವೋಲ್ಟ್ ಮೀಟರಿನಲ್ಲಿ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಆದ್ದರಿಂದ ಹೊರೆ ಇರುವಾಗಲೇ ಅಳೆಯಬೇಕು. ಇದು ಓಮನ ನಿಯಮ ಮತ್ತು ಆಂತರಿಕ ರೋಧದ ಪಾಠವಲ್ಲದೆ ಬೇರೇನೂ ಅಲ್ಲ. ಆ ಪಾಠ ಅದೇ ಪುಸ್ತಕದ ಮೂರನೆಯ ಅಧ್ಯಾಯದಲ್ಲಿದೆ. ಆದರೆ ಹದಿನೈದನೆಯ ಅಧ್ಯಾಯ ಅದರತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮರೆತುಹೋದ ಮೈಕ್ರೊಫೋನ್

ಅಧ್ಯಾಯದ ದೊಡ್ಡ ಕೊರತೆ ಇರುವುದು ಇಲ್ಲಿ. ಒಂದು ರೂಪದ ಶಕ್ತಿಯನ್ನು ಇನ್ನೊಂದು ರೂಪಕ್ಕೆ ಬದಲಿಸುವ ಸಾಧನ ಟ್ರಾನ್ಸ್‌ಡ್ಯೂಸರ್ ಎಂಬ ಪರಿಭಾಷೆ ಅಲ್ಲಿತ್ತು. ಮೈಕಿನ ಒಳಗೆ ಏನಿದೆ ಎಂಬುದು ಇರಲಿಲ್ಲ. ಕಾಕ್‌ಪಿಟ್‌ನ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಅಲ್ಲೇ.

ಡೈನಮಿಕ್ ಮೈಕಿನಲ್ಲಿ ಕಾಂತಕ್ಷೇತ್ರದೊಳಗೆ ಸುರುಳಿಯೊಂದು ಮಾತಿಗೆ ತಕ್ಕಂತೆ ಅಲುಗುತ್ತದೆ. ಫ್ಯಾರಡೆಯ ನಿಯಮದಂತೆ ಕೆಲವೇ ಮಿಲಿವೋಲ್ಟ್ ಹುಟ್ಟುತ್ತದೆ. ಹೊರಗಿನ ವಿದ್ಯುತ್ ಬೇಡ. ಎಲೆಕ್ಟ್ರೆಟ್ ಮೈಕಿನಲ್ಲಿ ಶಾಶ್ವತ ಆವೇಶ ಹೊತ್ತ ತೆಳುಪೊರೆ ಒಂದು ಧಾರಕದ ಭಾಗ. ಪೊರೆ ಅಲುಗಿದಾಗ ಧಾರಕತೆ ಬದಲಾಗುತ್ತದೆ, ಆವೇಶ ಸ್ಥಿರವಾದ್ದರಿಂದ ವಿಭವಾಂತರ ಬದಲಾಗುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ಈ ಮೈಕಿನೊಳಗೆ ಪುಟ್ಟ ಟ್ರಾನ್ಸಿಸ್ಟರ್ ಕೂಡ ಇರುತ್ತದೆ; ಅದಕ್ಕೆ ರೇಡಿಯೊ ಕಡೆಯಿಂದ ವಿದ್ಯುತ್ ಪೂರೈಕೆ ಬೇಕೇ ಬೇಕು. ಇದನ್ನು ಡೈನಮಿಕ್ ಮೈಕಿಗೆಂದು ಮಾಡಿದ ತೂತಿಗೆ ಚುಚ್ಚಿದರೆ ವಾಹಕ ಹೊರಡುತ್ತದೆ, ಮಾತು ಹೊರಡುವುದಿಲ್ಲ. ಎರಡೂ ಮೈಕುಗಳು ಸರಿಯಾಗಿವೆ, ರೇಡಿಯೊ ಸರಿಯಾಗಿದೆ, ವ್ಯವಸ್ಥೆ ಮಾತ್ರ ಕೆಟ್ಟಿದೆ.

ಗಮನಿಸಿ: ಧಾರಕ ಎರಡನೆಯ ಅಧ್ಯಾಯದಲ್ಲಿತ್ತು, ವಿದ್ಯುತ್ಕಾಂತೀಯ ಪ್ರೇರಣೆ ಆರನೆಯದರಲ್ಲಿ. ಮೈಕಿನ ಎರಡೂ ಬಗೆಗಳು ಹೆಸರಿಲ್ಲದೆ ಪುಸ್ತಕದೊಳಗೇ ಇದ್ದವು. ಜೋಡಿಸುವ ಒಂದು ಪುಟ ಸಾಕಾಗಿತ್ತು.

ಇನ್ನು ಮೈಕನ್ನು ಇಡುವ ಜಾಗ. ಬಾಯಿಯಿಂದ ದೂರ ಹೋದಂತೆ ಶಬ್ದದ ಒತ್ತಡ ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ. 2 ಸೆಂ.ಮೀ. ದೂರದಲ್ಲಿದ್ದ ಮೈಕ್ 20 ಸೆಂ.ಮೀ.ಗೆ ಸರಿದರೆ ಸಂಕೇತ ಸುಮಾರು ಹತ್ತನೆಯ ಒಂದು ಭಾಗವಾಗುತ್ತದೆ. ಕಿಟಕಿಯ ಗಾಳಿಯ ಸದ್ದು ಅಷ್ಟೇ ಇರುತ್ತದೆ. ಗದ್ದಲ ತಗ್ಗಿಸುವ ಮೈಕುಗಳಲ್ಲಿ ಪೊರೆಯ ಎರಡೂ ಮುಖಗಳು ತೆರೆದಿರುತ್ತವೆ. ದೂರದ ಸದ್ದು ಎರಡೂ ಕಡೆ ಹೆಚ್ಚು ಕಡಿಮೆ ಸಮನಾಗಿ ಒತ್ತುವುದರಿಂದ ರದ್ದಾಗುತ್ತದೆ. ತುಟಿಯ ಬಳಿಯ ಮಾತು ಒಂದೇ ಮುಖವನ್ನು ಹೆಚ್ಚಾಗಿ ಒತ್ತುತ್ತದೆ. ಇಂಥ ಮೈಕನ್ನು ದೂರವಿಟ್ಟರೆ ಅಥವಾ ಅಡ್ಡ ತಿರುಗಿಸಿದರೆ ಗದ್ದಲದ ಜೊತೆಗೆ ಮಾತೂ ರದ್ದಾಗುತ್ತದೆ!

ಕೇಳಿಸದೆ ಹೋದಾಗ ಕೂಗುವುದು ಮನುಷ್ಯ ಸಹಜ. ಪಠ್ಯದ ಲೆಕ್ಕವೊಂದರಲ್ಲಿ 20 ವೋಲ್ಟಿನ ವಾಹಕದ ಮೇಲೆ 10 ವೋಲ್ಟಿನ ಸಂದೇಶವಿತ್ತು. ಮಾಡ್ಯುಲೇಷನ್ ಸೂಚಿ 0.5 ಎಂದು ಬರೆದರೆ ಅಂಕ ಸಿಗುತ್ತಿತ್ತು. ಸೂಚಿ 1ನ್ನು ಮೀರಬಾರದು ಎಂಬ ಮಾತೂ ಅಲ್ಲಿತ್ತು. ಆದರೆ ಸಂದೇಶ 30 ವೋಲ್ಟ್ ಆದರೆ ಕೇಳುವವರ ಕಿವಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ರೇಡಿಯೊಗಳಲ್ಲಿ ಇದನ್ನು ತಡೆಯುವ ಮಿತಿಕಾರಕ ಮಂಡಲ ಇರುತ್ತದೆ ನಿಜ. ಆದರೂ ತಲೆ ಕತ್ತರಿಸಿದ ಅಲೆಗಳು ಒರಟಾದ, ಅರ್ಥವಾಗದ ಮಾತಾಗಿಯೇ ಕೇಳುತ್ತವೆ. ಮೈಕನ್ನು ಹತ್ತಿರ ತಂದು ಸಹಜವಾಗಿ ಮಾತಾಡುವುದೇ ಮದ್ದು.

ಗದ್ದಲ ಹೊರಗಿನದೇ?

ಗದ್ದಲದ ಮೂಲ ವ್ಯವಸ್ಥೆಯ ಒಳಗೂ ಇರಬಹುದು, ಹೊರಗೂ ಇರಬಹುದು ಎಂದು ಅಧ್ಯಾಯ ಒಪ್ಪಿಕೊಂಡಿತ್ತು. ಆದರೆ ‘ಒಳಗೆ’ ಎಂಬ ಬಾಗಿಲನ್ನು ತೆರೆಯಲೇ ಇಲ್ಲ. ಗ್ಲೈಡರಿನಲ್ಲಿ ಅದು ಹೇಗೆ ಹುಟ್ಟುತ್ತದೆ ನೋಡಿ. 125 ಮೆಗಾಹರ್ಟ್ಸ್‌ನ ಅಲೆಯುದ್ದ 2.4 ಮೀಟರ್, ಕಾಲು ಅಲೆಯುದ್ದ 60 ಸೆಂ.ಮೀ. ಮೈಕಿನ ತಂತಿಯೂ ಹೆಚ್ಚು ಕಡಿಮೆ ಅಷ್ಟೇ ಉದ್ದವಿದ್ದು, ಅದರ ಹೊರಜಾಲರಿ ಒಂದು ಕಡೆ ಕಿತ್ತುಬಂದಿದ್ದರೆ ಆ ತಂತಿಯೇ ಆಂಟೆನಾ ಆಗುತ್ತದೆ. ರೇಡಿಯೊ ಹೊರಗೆ ಕಳಿಸಿದ ಶಕ್ತಿ ಮೈಕಿನ ದಾರಿಯಿಂದ ಒಳಗೆ ಮರಳಿ, ಪ್ರೇಷಿಸುವಾಗ ಮಾತ್ರ ಕಿರುಚಾಟ ಕೇಳುತ್ತದೆ. ಎರಡು ಆಸನಗಳ ಗ್ಲೈಡರಿನಲ್ಲಿ ಒಬ್ಬರು ಗುಂಡಿ ಒತ್ತಿದಾಗ ಇಬ್ಬರ ಮೈಕುಗಳೂ ತೆರೆದುಕೊಂಡರೆ ಇನ್ನೊಬ್ಬರ ಬಳಿಯ ಗಾಳಿಯ ಸದ್ದೂ ಸೇರಿಕೊಳ್ಳುತ್ತದೆ.

ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಪರಿಣಾಮ ಇನ್ನೂ ಗಂಭೀರ. ಆ ಆವೃತ್ತಿಯಲ್ಲಿ ವಾಹಕ ನಿಲ್ಲದೆ ಹರಿಯುತ್ತದೆ, ಸಿಕ್ಕಿಸಿಕೊಂಡವರಿಗೆ ಬೇರೆ ಯಾರ ಮಾತೂ ಕೇಳಿಸದು. ಮತ್ತೊಬ್ಬರು ಮಾತಾಡಲು ಹೋದರೆ ಎರಡು ವಾಹಕಗಳ ಆವೃತ್ತಿಯ ವ್ಯತ್ಯಾಸ ಶಿಳ್ಳೆಯಾಗುತ್ತದೆ. ಪ್ರಥಮ ಪಿಯುನಲ್ಲಿ ಶ್ರುತಿಕವಲುಗಳಿಂದ ತೋರಿಸುವ ವಿಸ್ಪಂದಗಳೇ ಇವು. ಇಳಿಯುವ ಹೊತ್ತಿನಲ್ಲಿ ಇಂಥ ಒಂದು ಗುಂಡಿ ಆ ಆವೃತ್ತಿಯನ್ನು ನೆಚ್ಚಿದ ಎಲ್ಲರ ಸುರಕ್ಷತೆಯನ್ನೂ ಕದಡಬಲ್ಲದು.

ದೃಷ್ಟಿರೇಖೆಯ ಲೆಕ್ಕ

ಪಠ್ಯದ ಇನ್ನೊಂದು ಉದಾಹರಣೆ: 32 ಮೀಟರ್ ಮತ್ತು 50 ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವಿನ ಗರಿಷ್ಠ ದೂರ 45.5 ಕಿ.ಮೀ. ಲೆಕ್ಕ ಸರಿ, ಜೀವ ಇಲ್ಲ. ಅದೇ ಸೂತ್ರವನ್ನು ಗ್ಲೈಡರಿಗೆ ಹಾಕಿ. 1000 ಮೀಟರ್ ಎತ್ತರದಲ್ಲಿದ್ದಾಗ ದಿಗಂತದ ದೂರ ಸುಮಾರು 113 ಕಿ.ಮೀ. ಗಾಳಿಯ ಏರುಹರಿವು ಸಿಗದೆ ಯಾವುದೋ ಹೊಲದಲ್ಲಿ ಇಳಿಯಬೇಕಾಯಿತು. ಈಗ ಆಂಟೆನಾ ನೆಲದಿಂದ 2 ಮೀಟರ್ ಎತ್ತರದಲ್ಲಿದೆ. ದೂರ ಸುಮಾರು 5 ಕಿ.ಮೀ. ಮಾತ್ರ! ರೇಡಿಯೊ ಕೆಟ್ಟಿಲ್ಲ, ಭೂಮಿ ದುಂಡಗಿದೆ ಅಷ್ಟೆ. ಆದ್ದರಿಂದ ‘ಇಂಥಲ್ಲಿ ಇಳಿಯುತ್ತಿದ್ದೇನೆ’ ಎಂದು ಎತ್ತರದಲ್ಲಿರುವಾಗಲೇ ಹೇಳಬೇಕು. ದೋಷ ಯಾವುದು, ನಿಸರ್ಗದ ಮಿತಿ ಯಾವುದು ಎಂದು ಬೇರ್ಪಡಿಸುವುದೂ ದೋಷ ಪತ್ತೆಯ ಭಾಗವೇ.

ನಾವೇನು ಮಾಡಬಹುದು?

2023ರ ಶಾಲಾ ಶಿಕ್ಷಣದ ಪಠ್ಯಕ್ರಮ ಚೌಕಟ್ಟಿಗೆ ಅನುಗುಣವಾಗಿ ಹೊಸ ಪುಸ್ತಕಗಳು ಹಂತಹಂತವಾಗಿ ಬರತೊಡಗಿವೆ. ಸಂವಹನದ ಅಧ್ಯಾಯ ಮರಳಿ ಬರಲಿ, ಆದರೆ ಕೆಡುವ ರೇಡಿಯೊದೊಂದಿಗೆ ಬರಲಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ಮಂಡಲ ಕೆಲಸ ಮಾಡದಿದ್ದರೆ ಸಹಾಯಕರು ಬಂದು ತಂತಿ ಬದಲಿಸುತ್ತಾರೆ, ವಿದ್ಯಾರ್ಥಿ ಓದಿಕೆ ಬರೆದುಕೊಳ್ಳುತ್ತಾನೆ. ಕಲಿಯಬೇಕಾದ ಗಳಿಗೆ ಕೈತಪ್ಪುವುದು ಹೀಗೆ.

ಶಿಕ್ಷಕರೇ, ಒಂದು ಅವಧಿ ಮೀಸಲಿಡಿ. 12 ವೋಲ್ಟಿನ ಬ್ಯಾಟರಿಗೆ 3 ಆಂಪಿಯರ್ ಫ್ಯೂಸ್, 1 ಓಮ್, 10 ವಾಟ್‌ನ ರೋಧಕವನ್ನು ಸರಣಿಯಲ್ಲಿ ಸೇರಿಸಿ ಪೆಟ್ಟಿಗೆಯಲ್ಲಿ ಮುಚ್ಚಿಡಿ. ತಕ್ಕ ರೋಧಕದೊಂದಿಗೆ ಒಂದು ಎಲ್‌ಇಡಿ ನಿಮ್ಮ ‘ಗ್ರಾಹಕ’; ಗುಂಡಿಯ ಮೂಲಕ ಸೇರುವ 21 ವಾಟ್‌ನ ವಾಹನದ ಬಲ್ಬು ‘ಪ್ರೇಷಕ’. ಗುಂಡಿ ಒತ್ತಿದಾಗ ವೋಲ್ಟೇಜು ಸುಮಾರು ಒಂದೂವರೆ ವೋಲ್ಟ್ ಏಕೆ ಕುಸಿಯಿತು ಎಂದು ವಿದ್ಯಾರ್ಥಿಗಳೇ ಪತ್ತೆಮಾಡಲಿ. ಇನ್ನೊಂದು ಮೇಜಿನ ಮೇಲೆ ಎಲೆಕ್ಟ್ರೆಟ್ ಮೈಕನ್ನು ಪೂರೈಕೆಯಿಲ್ಲದೆ ಧ್ವನಿವರ್ಧಕಕ್ಕೆ ಜೋಡಿಸಿಡಿ. ಮೂರನೆಯದರಲ್ಲಿ ಹೊದಿಕೆಯೊಳಗೆ ತುಂಡಾದ, ಬಾಗಿಸಿದಾಗ ಮಾತ್ರ ಸಂಪರ್ಕ ಕೊಡುವ ತಂತಿ ಇರಲಿ. ನಿಯಂತ್ರಣ ದಂಡದೊಂದಿಗೆ ದಿನವೂ ಬಾಗುವ ಗುಂಡಿಯ ತಂತಿಗೆ ಆಗುವುದು ಇದೇ. ವಿಮಾನಗಳ ಆವೃತ್ತಿಯಲ್ಲಿ ಪ್ರೇಷಿಸುವ ಪ್ರಯೋಗ ಮಾತ್ರ ಬೇಡ. ಅದು ಕಾನೂನುಬಾಹಿರ, ಅಪಾಯಕಾರಿ ಕೂಡ.

ನಿಯಮಗಳು ಎರಡೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸುವ ಮೊದಲು ಏನಾಗಬಹುದು ಎಂದು ಬರೆದಿಡಬೇಕು. ಊಹೆ ತಪ್ಪಿದರೂ ಅಂಕ ಕೊಡಿ, ಊಹೆಯಿಲ್ಲದೆ ತಂತಿ ಎಳೆದಾಡಿದರೆ ಬೇಡ. ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲೋ ಮೊಬೈಲ್ ದುರಸ್ತಿಯ ಅಂಗಡಿಯಲ್ಲೋ ಆಸ್ಪತ್ರೆಯ ಉಪಕರಣದ ಮುಂದೋ ನಿಮ್ಮ ವಿದ್ಯಾರ್ಥಿ ಒಂದು ದಿನ ನಿಲ್ಲುತ್ತಾನೆ, ನಿಲ್ಲುತ್ತಾಳೆ. ಅಲ್ಲಿ ಕೇಳುವ ಪ್ರಶ್ನೆ ‘ವ್ಯಾಖ್ಯೆ ಬರೆಯಿರಿ’ ಎಂದಿರುವುದಿಲ್ಲ, ‘ಏಕೆ ಕೆಲಸ ಮಾಡುತ್ತಿಲ್ಲ?’ ಎಂದಿರುತ್ತದೆ.