ಬಕೆಟ್ಟಿಗೆ ಬೈದು ಬರಿಗೈ ಮರೆತವರು

ಎಣ್ಣೂರಿನ ಬಕೆಟ್ಟಿನಷ್ಟು ಬೈಸಿಕೊಂಡ ವಸ್ತು ನಮ್ಮ ಪರಿಸರ ಬರವಣಿಗೆಯಲ್ಲಿ ಬಹಳ ಇಲ್ಲ. 2017ರ ಜನವರಿ 28ರ ನಸುಕಿನಲ್ಲಿ ಕಾಮರಾಜರ್ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾದದ್ದು, ತೈಲ ಚೆನ್ನೈ ದಡಕ್ಕೆ ಬಂದದ್ದು, ವಿದ್ಯಾರ್ಥಿಗಳೂ ಮೀನುಗಾರರೂ ಸಾಲಾಗಿ ನಿಂತು ಬಕೆಟ್ ದಾಟಿಸಿದ್ದು ಎಲ್ಲರಿಗೂ ನೆನಪಿದೆ. ಆ ಫೋಟೊ ಕಂಡು ಒಂದು ಪಂಗಡ ಸೇವಾಮನೋಭಾವವನ್ನು ಕೊಂಡಾಡಿತು. ಇನ್ನೊಂದು, ಮಂಗಳಕ್ಕೆ ನೌಕೆ ಕಳಿಸಿದ ದೇಶಕ್ಕೆ ಬಕೆಟ್ಟೇ ಗತಿಯೆ ಎಂದು ನಕ್ಕಿತು. ಬಕೆಟ್ ಹಿಡಿದ ಕೈಯನ್ನು ಮಾತ್ರ ಎರಡೂ ಪಂಗಡ ನೋಡಲಿಲ್ಲ.

ನಕ್ಕವರ ವಾದ ಮೊದಲು ಮುಗಿಸೋಣ. ಎಣ್ಣೂರಿನಲ್ಲಿ ಚೆಲ್ಲಿದಂಥ, ಹಡಗಿನ ಎಂಜಿನ್ನಿನಲ್ಲಿ ಉರಿಸುವ ಭಾರದ ಎಣ್ಣೆ ಅಲೆಯ ಹೊಡೆತಕ್ಕೆ ನೀರು, ಮರಳು ಕಲೆಸಿಕೊಂಡು ದಪ್ಪ ಗಸಿಯಾಗುತ್ತದೆ. ಅದನ್ನು ಹೀರಲು ಪಂಪು ಪರದಾಡುತ್ತದೆ. ದಡದ ಬಂಡೆಗಳ ಸಂದಿಗೆ ಯಂತ್ರ ಇಳಿಯುವುದೇ ಇಲ್ಲ. ಅಂಥ ಕಡೆ ಜಗತ್ತಿನಲ್ಲೆಲ್ಲ ಸಲಿಕೆ, ಬಕೆಟ್ಟೇ ಕೆಲಸ ಮಾಡುವುದು. 2007ರಲ್ಲಿ ಹೆಬೈ ಸ್ಪಿರಿಟ್ ಟ್ಯಾಂಕರಿನ ತೈಲ ದಕ್ಷಿಣ ಕೊರಿಯಾದ ಟೇಆನ್ ದಡಕ್ಕೆ ಬಡಿದಾಗ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಕಲ್ಲು ಕಲ್ಲನ್ನೂ ಕೈಯಲ್ಲಿ ಒರೆಸಿದರು. ಕೊರಿಯಾ ಹಿಂದುಳಿದ ದೇಶವೆಂದು ಯಾರೂ ಬರೆಯಲಿಲ್ಲ.

ಈಗ ಕೈಯ ವಿಷಯ. ಕಚ್ಚಾ ತೈಲ ಹೊಸದಾಗಿ ಚೆಲ್ಲಿದಾಗ ಬೆಂಜೀನಿನಂಥ ಹಗುರ ಅಂಶಗಳು ಆವಿಯಾಗಿ ಮೂಗಿಗೆ ಹೋಗುತ್ತವೆ. ಆಗ ಗಾಳಿಯ ದಿಕ್ಕು ನೋಡಿ ದೂರ ಸರಿಯುವುದೇ ಜಾಣತನ. ಭಾರದ ಎಣ್ಣೆಯಲ್ಲಿ ಆವಿ ಕಡಿಮೆ, ಅಂಟು ಹೆಚ್ಚು. ಅದು ಚರ್ಮದ ಮೂಲಕ ಕಾಡುತ್ತದೆ: ಉರಿ, ಗುಳ್ಳೆ, ಜೊತೆಗೆ ದೀರ್ಘ ಸಂಪರ್ಕದಲ್ಲಿ ಕ್ಯಾನ್ಸರ್ ತರಬಲ್ಲವೆಂದು ಗುರುತಾದ ಸಂಯುಕ್ತಗಳು. ಆದ್ದರಿಂದ ಎಣ್ಣೂರಿನ ಫೋಟೊಗಳಲ್ಲಿ ಮೂಗಿಗೆ ಕಟ್ಟಿದ ಕರ್ಚೀಫು ನನಗೆ ಸಮಾಧಾನ ಕೊಡುವುದಿಲ್ಲ. ಬಟ್ಟೆ ಆವಿಯನ್ನು ತಡೆಯದು, ಮತ್ತು ಅಪಾಯ ಇದ್ದದ್ದು ಹೆಚ್ಚಾಗಿ ಮೊಣಕೈವರೆಗೆ. ಕೆಲವರಿಗೆ ಗ್ಲೌಸಿತ್ತು, ಹಲವರಿಗೆ ಇರಲಿಲ್ಲ. ಇನ್ನು ಕೆಲಸ ಮುಗಿದ ಮೇಲೆ? ಜಿಡ್ಡಿಗೆ ಸೀಮೆಎಣ್ಣೆ ಸುರಿದು ಉಜ್ಜುವುದು ನಮ್ಮ ಕರಾವಳಿಗೂ ಗ್ಯಾರೇಜಿಗೂ ಸಮಾನವಾದ ರೂಢಿ. ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಅಡುಗೆ ಎಣ್ಣೆ ಹಚ್ಚಿ ಜಿಡ್ಡು ಸಡಿಲಿಸಿ, ಸೋಪು ನೀರಲ್ಲಿ ತೊಳೆದರೆ ಸಾಕು. ಈ ಒಂದು ಮಾತನ್ನು ಅಂದಿನ ಅಗ್ರಲೇಖನಗಳಲ್ಲಿ ಹುಡುಕಿ ಸೋತಿದ್ದೇನೆ.

ಯಂತ್ರ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವವರು ನಾನಿರುವ ಇಂಗ್ಲೆಂಡಿನ ಬರ್ಚ್‌ವುಡ್‌ನಲ್ಲೂ ಇದ್ದಾರೆ. ಎಂಜಿನಿಯರುಗಳ ಊರು, ಅಚ್ಚರಿಯಿಲ್ಲ. ಅವರಿಗೆ ಈ ದೇಶದ ಚರಿತ್ರೆಯೇ ಉತ್ತರ. 1967ರಲ್ಲಿ ಟೊರೆ ಕ್ಯಾನ್ಯನ್ ಹಡಗು ಒಡೆದಾಗ ಬ್ರಿಟನ್ ಸುಮಾರು ಹತ್ತು ಸಾವಿರ ಟನ್ ಡಿಟರ್ಜೆಂಟ್ ಚೆಲ್ಲಿತು. ಕಾರ್ನ್‌ವಾಲ್ ದಡದ ಜೀವಿಗಳಿಗೆ ಎಣ್ಣೆಗಿಂತ ಅದೇ ಹೆಚ್ಚು ಮಾರಕವಾಯಿತು. ನಮ್ಮ ಪಕ್ಕದ ಮರ್ಸಿ ನದೀಮುಖದಲ್ಲಿ 1989ರ ಆಗಸ್ಟಿನಲ್ಲಿ ಶೆಲ್ ಕಂಪನಿಯ ಕೊಳವೆ ಒಡೆದು ಸುಮಾರು 150 ಟನ್ ಕಚ್ಚಾ ತೈಲ ಸುರಿಯಿತು. ಅದರ ನೆನಪಾಗಿ ಉಳಿದದ್ದು ಜಿಡ್ಡು ಮೆತ್ತಿದ ಹಕ್ಕಿಗಳು ಮತ್ತು ಮರುವರ್ಷದ ಹತ್ತು ಲಕ್ಷ ಪೌಂಡ್ ದಂಡ. ಹಕ್ಕಿಗಳ ಬಗ್ಗೆ ನನಗೆ ಮುನಿಸಿಲ್ಲ. ಆದರೆ ತೈಲ ಸೋರಿಕೆ ಎಂದರೆ ಹಕ್ಕಿ, ಆಮೆ, ಪರಿಹಾರದ ಮೊತ್ತ ಇಷ್ಟೇ ಎಂಬ ಅಭ್ಯಾಸವನ್ನು ಕನ್ನಡದ ಲೇಖಕರೂ ಸಲೀಸಾಗಿ ಎರವಲು ಪಡೆದಿದ್ದಾರೆ. 2006ರಲ್ಲಿ ಕಾರವಾರದ ಬಳಿ ಓಷನ್ ಸೆರಾಯಾ ಹಡಗು ಬಂಡೆಗೆ ಸಿಕ್ಕಿದ್ದನ್ನೂ ಹೀಗೆಯೇ ಓದಿದೆವು.

ಎರವಲು ಪಡೆಯಬೇಕಾದದ್ದು ಬೇರೆ ಇತ್ತು. 1996ರಲ್ಲಿ ವೇಲ್ಸ್‌ನಲ್ಲಿ ಸೀ ಎಂಪ್ರೆಸ್ ಟ್ಯಾಂಕರ್ 72,000 ಟನ್ ತೈಲ ಚೆಲ್ಲಿದಾಗ ವೈದ್ಯರು ತೈಲ ಬಡಿದ ದಡದವರನ್ನೂ ಬಡಿಯದ ಕಡೆಯವರನ್ನೂ ಹೋಲಿಸಿದರು. ಆತಂಕದ ಪಾಲನ್ನು ಕಳೆದ ಮೇಲೂ ದಡದವರಲ್ಲಿ ತಲೆನೋವು, ಕಣ್ಣುರಿ, ಗಂಟಲುನೋವು ಹೆಚ್ಚಿತ್ತು. 2002ರ ಪ್ರೆಸ್ಟೀಜ್ ಟ್ಯಾಂಕರ್ ದುರಂತದ ನಂತರ ಸ್ಪೇನಿನ ಮೀನುಗಾರರ ಅಧ್ಯಯನ ಇನ್ನೂ ಖಚಿತ: ಹೆಚ್ಚು ದಿನ ತೈಲ ಬಳಿದವರಿಗೆ ಉಸಿರಾಟದ ತೊಂದರೆ ಹೆಚ್ಚು, ಅದೂ ವರ್ಷ ಕಳೆದ ಮೇಲೆ.

ದಿನಗಳ ಲೆಕ್ಕ ಸಿಕ್ಕಿದ್ದರಿಂದಲೇ ಅದು ತಿಳಿದದ್ದು. ಅಂಥ ಲೆಕ್ಕ ಇಡುವುದು ಹೊಸತೇನಲ್ಲ. ಬರ್ಚ್‌ವುಡ್ ಅಣುಶಕ್ತಿ ಉದ್ಯಮದ ಹಳೆಯ ನೆಲೆ. ಆ ಉದ್ಯಮದಲ್ಲಿ ವಿಕಿರಣದ ಜಾಗಕ್ಕೆ ಇಳಿಯುವ ಕೆಲಸಗಾರನ ಎದೆಗೊಂದು ಬಿಲ್ಲೆ ಇರುತ್ತದೆ, ಅವನ ಪಾಲಿನ ವಿಕಿರಣ ಅವನ ಹೆಸರಿನಲ್ಲೇ ದಾಖಲಾಗುತ್ತದೆ. ತೈಲ ಬಳಿಯುವವನಿಗೆ ಬಿಲ್ಲೆ ಬೇಡ, ಒಂದು ರಿಜಿಸ್ಟರ್ ಸಾಕು: ಹೆಸರು, ಎಷ್ಟು ಗಂಟೆ, ಗ್ಲೌಸು ಕೊಟ್ಟರೇ ಇಲ್ಲವೇ. ಮುಂದಿನ ಸಲ ಮಂಗಳೂರಿನಲ್ಲೋ ಕಾರವಾರದಲ್ಲೋ ದಡ ಕಪ್ಪಾದಾಗ ಬಕೆಟ್ಟಿನ ಫೋಟೊ ತೆಗೆಯಲು ಹೋಗುವ ಪತ್ರಕರ್ತರು ಆ ರಿಜಿಸ್ಟರನ್ನು ಕೇಳಿ ನೋಡಲಿ.